ಎರಡು ಕಲ್ಯಾಣಗಳು, ಒಂದು ಉಂಡೆ

ಡೊಂಬಿವಲಿಯ ನಮ್ಮ ಮನೆಯಲ್ಲಿ ಕಳೆದ ವರ್ಷದ ಒಂದು ಭಾನುವಾರ ಮಗಳು ಇಟಲಿಯ ಮಾಂಸದುಂಡೆಗಳನ್ನು ಟೊಮೆಟೊ ಸಾಸಿನಲ್ಲಿ ಬೇಯಿಸುವ ಸಾಹಸಕ್ಕೆ ಕೈಹಾಕಿದಳು. ಸ್ಟೇಷನ್ನಿನ ಬಳಿಯ ಅಂಗಡಿಯಿಂದ ಅರ್ಧ ಕಿಲೋ ಖಿಮಾ ತಂದುಕೊಟ್ಟವರು ನಾವೇ. ಮೊಬೈಲನ್ನು ಅಕ್ಕಿಡಬ್ಬಿಗೆ ಒರಗಿಸಿಟ್ಟುಕೊಂಡು ಅವಳು ಖಿಮಾಕ್ಕೆ ಉಪ್ಪು, ಮೆಣಸಿನ ಪುಡಿ, ಮೊಟ್ಟೆ ಬೆರೆಸಿ ಬಹು ಶ್ರದ್ಧೆಯಿಂದ ಹತ್ತು ನಿಮಿಷ ನಾದಿದಳು. ಮದ್ದೂರಿನ ಕಡೆಯ ಹಳ್ಳಿಯಿಂದ ಬಂದು ಎರಡು ತಿಂಗಳಿಂದ ನಮ್ಮೊಡನಿದ್ದ ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ತಡೆಯಲಾರದೆ ಕೇಳಿದರು: "ಅದ್ಯಾಕ್ ಮಗಾ ಹಂಗ್ ನಾದ್ತೀಯ? ಚಪಾತಿ ಹಿಟ್ಟಾ ಅದು?" ಮಗಳು ನಕ್ಕು ಸುಮ್ಮನಾದಳು. ಒಂದು ಗಂಟೆಯ ಬಳಿಕ ತಟ್ಟೆಗೆ ಬಂದ ಉಂಡೆಗಳು ನೋಡಲು ಚೆಲುವಾಗಿದ್ದವು. ಹಲ್ಲಿಗೆ ಸಿಕ್ಕಾಗ ಮಾತ್ರ ರಬ್ಬರಿನ ಚೆಂಡಿನಂತೆ ಪುಟಿದವು. "ಹುರಿಗಡ್ಲೆ ಇಲ್ದೆ ಉಂಡೆ ಕಟ್ಟುದ್ರೆ ಇನ್ನೇನಾದದು?" ಎಂದ ಅವ್ವ ಮರುವಾರ ತಮ್ಮ ಕೈಯಾರೆ ಕೈಮಾ ಉಂಡೆ ಸಾರು ಮಾಡಿ ಬಡಿಸಿದರು. ಆ ಉಂಡೆ ಚಮಚದ ಅಂಚು ತಾಕಿದೊಡನೆ ಬಿಟ್ಟುಕೊಂಡಿತು.

ಅದೇ ದಿನಗಳಲ್ಲಿ ನಾವು ಒಂದು ಸ್ಮರಣ ಸಂಚಿಕೆಗಾಗಿ ಹೊರನಾಡ ಕನ್ನಡಿಗರ ಅಡುಗೆಯನ್ನು ಕುರಿತು ಲೇಖನವೊಂದನ್ನು ಬರೆದುಕೊಟ್ಟಿದ್ದೆವು. ಉಡುಪಿ ಹೋಟೆಲು, ಹೋಳಿಗೆ, ಜೋಳದ ರೊಟ್ಟಿ, ಪತ್ರೊಡೆಗಳ ನಡುವೆ ಅವ್ವನ ಕೈಮಾ ಉಂಡೆಗೂ ಒಂದು ಪುಟ ಮೀಸಲಾಗಿತ್ತು. ಸಂಚಿಕೆ ಅಚ್ಚಾಗಿ ಕೈಗೆ ಬಂದಾಗ ಆ ಪುಟ ಇರಲಿಲ್ಲ. ವಿಚಾರಿಸಿದಾಗ ದೊರೆತ ಉತ್ತರ ಸೌಜನ್ಯದಿಂದಲೇ ಕೂಡಿತ್ತು: ಇದು ಎಲ್ಲರ ಮನೆಗೂ ಹೋಗುವ ಸಂಚಿಕೆ; ನಮ್ಮ ಸಂಸ್ಕೃತಿಗೆ ಹೊಂದುವಷ್ಟನ್ನು ಉಳಿಸಿಕೊಂಡಿದ್ದೇವೆ. ಆ ಉತ್ತರದಲ್ಲಿ ನಮ್ಮನ್ನು ಕಾಡಿದ್ದು 'ನಮ್ಮ' ಎಂಬ ಒಂದು ಪದ. ಈ ಬರಹದುದ್ದಕ್ಕೂ ನಾವು ಸಹ 'ನಾವು' ಎಂದೇ ಮಾತನಾಡುತ್ತಿದ್ದೇವೆ. ಈ 'ನಾವು' ಎಂಬುದರೊಳಗೆ ಯಾರ ಒಲೆ ಸೇರಿದೆ, ಯಾರದು ಸೇರಿಲ್ಲ ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ನೋಡಬೇಕೆನಿಸಿತು. ಅದಕ್ಕೆ ನಾವು ಹಿಡಿದುಕೊಂಡ ದಾರಿ ಅತಿ ಸಣ್ಣದು, ನಿಂಬೆಹಣ್ಣಿನ ಗಾತ್ರದ ಮಾಂಸದ ಉಂಡೆಯದು.

ಕಲ್ಯಾಣವೆಂಬ ಹೆಸರಿನ ಊರುಗಳು ಎರಡು. ಒಂದು, ನಾವು ದಿನವೂ ಲೋಕಲ್ ರೈಲಿನಲ್ಲಿ ಕೇಳುವ ಕಲ್ಯಾಣ್. ಉಲ್ಹಾಸ್ ನದಿಯ ದಂಡೆಯ ಈ ಊರು ಪ್ರಾಚೀನ ಬಂದರು, ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ನಾವಿಕರ ಕೈಪಿಡಿಯಲ್ಲಿ ಇದರ ಹೆಸರಿದೆ, ಕಾನ್ಹೇರಿಯ ಗುಹೆಗಳ ಶಾಸನಗಳಲ್ಲಿ ಇಲ್ಲಿನ ವರ್ತಕರ ದಾನಗಳ ಉಲ್ಲೇಖವಿದೆ. ಇನ್ನೊಂದು, ಬೀದರ್ ಜಿಲ್ಲೆಯ ಬಸವಕಲ್ಯಾಣ. ಅದು ಚಾಲುಕ್ಯರ ರಾಜಧಾನಿ, ಶರಣರ ನೆಲ. ಎರಡು ಊರುಗಳಿಗೂ ಹೆಸರಿನ ಹೊರತು ನೇರವಾದ ನಂಟಿಲ್ಲ. ಆದರೂ ಈ ಸೀಮೆ ಕನ್ನಡ ಅರಸರಿಗೆ ಅಪರಿಚಿತವಾಗಿರಲಿಲ್ಲ. ಠಾಣೆಯನ್ನು ಶ್ರೀಸ್ಥಾನಕವೆಂದು ಕರೆದು ಆಳಿದ ಉತ್ತರ ಕೊಂಕಣದ ಶಿಲಾಹಾರರು ಮೊದಲಿಗೆ ಮಳಖೇಡದ ರಾಷ್ಟ್ರಕೂಟರ ಸಾಮಂತರು. 9ನೆಯ ಶತಮಾನದ ಕಾನ್ಹೇರಿ ಶಾಸನಗಳಲ್ಲಿ ಶಿಲಾಹಾರ ಕಪರ್ದಿಯ ಹೆಸರಿನೊಂದಿಗೆ ಅಮೋಘವರ್ಷನ ಹೆಸರೂ ಇದೆ. ಕವಿರಾಜಮಾರ್ಗಕ್ಕೆ ಆಶ್ರಯವಿತ್ತ ಅದೇ ಅಮೋಘವರ್ಷ. ಡೊಂಬಿವಲಿಯಿಂದ ಕೆಲವೇ ನಿಲ್ದಾಣಗಳಾಚೆಯ ಅಂಬರನಾಥದ ಶಿವಾಲಯ 1060ರ ಸುಮಾರಿನಲ್ಲಿ ಶಿಲಾಹಾರ ಮುಮ್ಮುಣಿಯ ಕಾಲದಲ್ಲಿ ಪೂರ್ಣಗೊಂಡಿತು. ಹೀಗಾಗಿ ನಮ್ಮಂಥವರು ಸರ್ಕಾರದ ವರ್ಗಾವಣೆ ಆದೇಶ ಹಿಡಿದು ಇಲ್ಲಿಗೆ ಬರುವ ಸಾವಿರ ವರ್ಷಗಳ ಮೊದಲೇ ಕನ್ನಡ ನಾಡಿನ ಆಳ್ವಿಕೆಯ ನೆರಳು ಈ ಖಾಡಿಯ ನೀರಿನ ಮೇಲೆ ಬಿದ್ದಿತ್ತು.

ಬಸವಕಲ್ಯಾಣದಲ್ಲಿ 1126ರ ವೇಳೆಗೆ ಪಟ್ಟಕ್ಕೆ ಬಂದವನು ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ. 1129ರ ಹೊತ್ತಿಗೆ ಆತ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ಕ್ಕೆ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಇನ್ನೊಂದು ಹೆಸರೂ ಇದೆ. ರಾಜ್ಯಭಾರ, ಆನೆ, ಕುದುರೆ, ರತ್ನ, ಸಂಗೀತ, ಚಿತ್ರ, ಬೇಟೆ, ಮೀನುಗಾರಿಕೆಗಳನ್ನೆಲ್ಲ ಒಳಗೊಂಡ ಈ ನೂರು ಅಧ್ಯಾಯಗಳ ಕೋಶದಲ್ಲಿ ಅರಸನ ಊಟಕ್ಕೂ ಒಂದು ಅಧ್ಯಾಯ ಉಂಟು, ಅದೇ ಅನ್ನಭೋಗ. ಇಡ್ಲಿ ದೋಸೆಗಳ ಪ್ರಾಚೀನತೆಯನ್ನು ಸಾರುವಾಗಲೆಲ್ಲ ನಾವು ಈ ಅಧ್ಯಾಯವನ್ನು ಎತ್ತಿ ಹೇಳುತ್ತೇವೆ. ಉದ್ದಿನ ಹಿಟ್ಟಿನ 'ಇಡ್ಡರಿಕಾ', 'ಧೋಸಕ' ಎರಡೂ ಅಲ್ಲಿವೆ. ನಮ್ಮ ಸಂಘಗಳ ಭಾಷಣಗಳಲ್ಲಿ ಈ ಎರಡು ಪದಗಳು ಕೇಳಿಬರದ ವರ್ಷವಿಲ್ಲ.

ಆದರೆ ಅದೇ ಅಧ್ಯಾಯದಲ್ಲಿ ಮಾಂಸದ ಅಡುಗೆಗಳಿಗೆ ದೊರೆತಿರುವ ಸ್ಥಳ ಸಣ್ಣದಲ್ಲ. ಕುರಿ, ಹಂದಿ, ಮೀನು, ಆಮೆ, ಹಕ್ಕಿಗಳ ಪಾಕಗಳಿವೆ. ಹೊಳೆದಂಡೆಯ ಹೊಲಗಳಲ್ಲಿ ಬೆಳೆದ ಹೆಗ್ಗಣವನ್ನು ಸುಟ್ಟು ತಿನ್ನುವ ಬಗೆಯೂ ಇದೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇದು: ಮಾಂಸವನ್ನು ನುಣ್ಣಗೆ ಕೊಚ್ಚಿ ಅರೆದು, ಸಂಬಾರಗಳನ್ನು ಬೆರೆಸಿ, ಉಂಡೆ ಕಟ್ಟಿ ಎಣ್ಣೆಯಲ್ಲಿ ಕರಿಯುವ ಕ್ರಮವನ್ನು ಅರಸ ಹೇಳುತ್ತಾನೆ, ಅದೇ ಕೊಚ್ಚಿದ ಮಾಂಸವನ್ನು ಬದನೆಕಾಯಿಯ ಒಳಗನ್ನು ಕೊರೆದು ತುಂಬಿ ಬೇಯಿಸುವುದನ್ನೂ ಹೇಳುತ್ತಾನೆ. ಚಾಲುಕ್ಯರ ಕಲ್ಯಾಣದ ಅರಮನೆಯಲ್ಲಿ ಮಾಂಸದ ಉಂಡೆ ಇತ್ತು. ಇಡ್ಡರಿಕೆಯನ್ನು ಆ ಅಧ್ಯಾಯದಿಂದ ಎತ್ತಿಕೊಳ್ಳುವ ಕೈ ಅದೇ ಅಧ್ಯಾಯದ ಉಂಡೆಯನ್ನು ಅಲ್ಲಿಯೇ ಬಿಟ್ಟುಬರುತ್ತದೆ.

ಈ ಬಿಟ್ಟುಬರುವಿಕೆಗೆ ಒಂದು ಹಿನ್ನೆಲೆಯೂ ಉಂಟು. ಕನ್ನಡ ಭಾಷೆಯಲ್ಲಿ ಉಳಿದುಬಂದ ಹಳೆಯ ಪಾಕಗ್ರಂಥಗಳು ಬೇರೆಯ ಒಲೆಗಳಿಂದ ಬಂದವು. ಎರಡನೆಯ ಚಾವುಂಡರಾಯನು 1025ರ ಸುಮಾರಿನಲ್ಲಿ ಬರೆದ 'ಲೋಕೋಪಕಾರ'ದ ಅಡುಗೆಯ ಭಾಗ ಸಸ್ಯಾಹಾರದ್ದು. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸ ಜೈನ ಕವಿ. ಷಟ್ಪದಿಯಲ್ಲಿ ಆತ ರಚಿಸಿದ 'ಸೂಪಶಾಸ್ತ್ರ'ದಲ್ಲಿ ರೊಟ್ಟಿ, ಭಕ್ಷ್ಯ, ಬದನೆ, ಹಲಸುಗಳ ನೂರಾರು ಪಾಕಗಳಿದ್ದು ಮಾಂಸದ ಸುಳಿವಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಆಯಾ ಲೇಖಕ ತನ್ನ ಧರ್ಮದ ಅಡುಗೆಮನೆಯನ್ನು ಬರೆದ. ಆದರೆ ಬರೆಯಬಲ್ಲವರ ಅಡುಗೆಮನೆ ಮಾತ್ರವೇ ಬರಹದಲ್ಲಿ ಉಳಿಯುತ್ತದೆ. ಒರಳುಕಲ್ಲಿನ ಮುಂದೆ ಕುಳಿತು ಕೈಮಾ ಅರೆದ ನಮ್ಮ ಅಜ್ಜಿ ಮುತ್ತಜ್ಜಿಯರಿಗೆ ಅಕ್ಷರ ತಿಳಿದಿರಲಿಲ್ಲ. ಅವರ ಪಾಕ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿತೇ ಹೊರತು ಓಲೆಗರಿಗೆ ದಾಟಲಿಲ್ಲ. ಹಾಗೆಂದು ಅದು ಇರಲೇ ಇಲ್ಲವೆನ್ನುವುದು ಚರಿತ್ರೆಯಾಗದು.

ಪದಗಳು ಮಾತ್ರ ಬರಹವಿಲ್ಲದೆಯೂ ಸಾಕ್ಷಿ ನುಡಿಯುತ್ತವೆ. ಅವ್ವ 'ಕೈಮಾ' ಎನ್ನುವುದು, ಇಲ್ಲಿನ ಕಟುಕರು 'ಖಿಮಾ' ಎನ್ನುವುದು ಒಂದೇ ಪದ. ಕೊಚ್ಚಿದ ಮಾಂಸಕ್ಕೆ ತುರ್ಕಿ ಭಾಷೆಯಲ್ಲಿರುವ ಹೆಸರು ಪಾರಸಿ, ಉರ್ದುಗಳ ಮೂಲಕ ನಮ್ಮ ಹಳ್ಳಿಗೆ ಬಂದಿದೆ. 'ಕೋಫ್ತಾ' ಎಂಬುದು ಕುಟ್ಟು ಎಂಬರ್ಥದ ಪಾರಸಿ ಧಾತುವಿನಿಂದ ಹುಟ್ಟಿದ್ದು. 'ಉಂಡೆ' ಅಚ್ಚಗನ್ನಡ. 'ಕೈಮಾ ಉಂಡೆ' ಎಂಬ ಜೋಡುಪದದೊಳಗೆ ತುರ್ಕಿಯೂ ಕನ್ನಡವೂ ಜಗಳವಿಲ್ಲದೆ ಕುಳಿತಿವೆ. ಪಶ್ಚಿಮಕ್ಕೆ ಹೋದರೆ ಪೋರ್ಚುಗೀಸರು ಮಾಂಸದುಂಡೆಗೆ 'ಅಲ್ಮೊಂಡೆಗಾ' ಎನ್ನುತ್ತಾರೆ. ಅದು 'ಅಲ್ ಬುಂದುಕಾ' ಎಂಬ ಅರಬ್ಬಿ ಪದದ ರೂಪಾಂತರ, ಗುಂಡನೆಯ ಕಾಯಿ ಎಂದರ್ಥ. ಇಟಲಿಯವರು 'ಪೊಲ್ಪೆಟ್ಟೆ' ಎನ್ನುತ್ತಾರೆ. ಕೊಚ್ಚಿದ ಮಾಂಸವನ್ನು ಗುಂಡಗೆ ಮಾಡುವ ಬುದ್ಧಿ ಯಾವ ಒಂದು ನಾಡಿನ ಸ್ವತ್ತೂ ಅಲ್ಲ. ಗಟ್ಟಿ ಮಾಂಸ, ಸಣ್ಣ ತುಂಡು, ತಿನ್ನುವ ಬಾಯಿಗಳು ಹೆಚ್ಚು ಎಂಬ ಪರಿಸ್ಥಿತಿ ಇರುವಲ್ಲೆಲ್ಲ ಅದು ಹುಟ್ಟಿದೆ.

ಇಟಲಿಯ ಮಾತು ಬಂದುದರಿಂದ ನಮ್ಮ ಠಾಣೆಯಲ್ಲೇ ಕಾಣುವ ಇಟಲಿಯವರ ಹೆಜ್ಜೆಗಳನ್ನೂ ನೆನೆಯಬೇಕು. 1321ರ ಏಪ್ರಿಲ್ ತಿಂಗಳಲ್ಲಿ ಚೀನಕ್ಕೆ ಹೊರಟಿದ್ದ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳು ಠಾಣೆಯಲ್ಲಿ ಕೊಲೆಯಾದರು. ಅವರಲ್ಲಿ ಮೂವರು ಇಟಲಿಯವರು: ತೊಲೆಂತಿನೊ ಊರಿನ ತೋಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್. ಅದಾದ ಸ್ವಲ್ಪ ಕಾಲದಲ್ಲೇ ಇಲ್ಲಿಗೆ ಬಂದ ಓದೊರಿಕೊ ಎಂಬ ಇಟಲಿಯ ಇನ್ನೊಬ್ಬ ಸನ್ಯಾಸಿ ಅವರ ಅಸ್ಥಿಗಳನ್ನು ಚೀನಕ್ಕೆ ಕೊಂಡೊಯ್ದ. ಆತ ಹೇಳಿ ಬರೆಯಿಸಿದ ಪ್ರವಾಸ ಕಥನದಲ್ಲಿ ಠಾಣೆಯ ವರ್ಣನೆ ಉಳಿದಿದೆ. ಆ ಇಟಲಿಯವರಲ್ಲಿ ಒಬ್ಬರೂ ಟೊಮೆಟೊ ಹಣ್ಣನ್ನು ಕಂಡಿರಲಿಲ್ಲ ಎಂಬುದು ಇಂದಿನ ನಮಗೆ ವಿಚಿತ್ರವೆನಿಸೀತು. ಟೊಮೆಟೊ ಆಗ ಅಟ್ಲಾಂಟಿಕ್ ಸಾಗರದಾಚೆಯ ಅಮೆರಿಕ ಖಂಡದಲ್ಲಷ್ಟೇ ಇದ್ದ ಬೆಳೆ.

ಸ್ಪೇನಿನವರು ಮೆಕ್ಸಿಕೋವನ್ನು ಗೆದ್ದ ಬಳಿಕವೇ ಅದು ಯುರೋಪಿಗೆ ಬಂದಿತು. 1544ರಲ್ಲಿ ಇಟಲಿಯ ವೈದ್ಯ ಮತ್ತಿಯೊಲಿ ಈ ಹಣ್ಣನ್ನು ಮೊದಲ ಬಾರಿಗೆ ವರ್ಣಿಸಿದಾಗ ಅದನ್ನು ಬದನೆಯ ಹೊಸದೊಂದು ಬಗೆಯೆಂದು ತಿಳಿದ. ಆತನ ಊಹೆ ತೀರ ತಪ್ಪಲ್ಲ, ಎರಡೂ ಒಂದೇ ಕುಲದ ಗಿಡಗಳು. ಬಂಗಾಳಿಯಲ್ಲೂ ಟೊಮೆಟೊಗೆ ವಿಲಾಯತಿ ಬದನೆ ಎಂಬ ಹೆಸರಿದೆ. ಸೋಮೇಶ್ವರನ ಬದನೆಯಿಂದ ಮತ್ತಿಯೊಲಿಯ ಬದನೆಯವರೆಗೆ ನಾಲ್ಕು ಶತಮಾನಗಳ ದೂರ. ಆಮೇಲೂ ನೂರೈವತ್ತು ವರ್ಷ ಇಟಲಿಯ ಪಾಕಪುಸ್ತಕಗಳು ಟೊಮೆಟೊವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. 1690ರ ದಶಕದಲ್ಲಿ ನೇಪಲ್ಸಿನ ಅಂತೊನಿಯೊ ಲತೀನಿ ತನ್ನ ಗ್ರಂಥದಲ್ಲಿ ಟೊಮೆಟೊ ಸಾಸನ್ನು ಬರೆದಾಗ ಅದಕ್ಕೆ ಕೊಟ್ಟ ಹೆಸರು 'ಸ್ಪೇನಿನ ಶೈಲಿಯ' ಸಾಸ್ ಎಂದು. ಇಂದು ಇಟಲಿಯ ಆತ್ಮವೆಂದು ಲೋಕ ಭಾವಿಸಿರುವ ವಸ್ತುವಿಗೆ ಇಟಲಿಯ ಮೊದಲ ಪುಸ್ತಕವೇ ಪರದೇಶದ ಮುದ್ರೆ ಒತ್ತಿದೆ.

ಠಾಣೆಯೂ ಆ ಹೊತ್ತಿಗೆ ಪರದೇಶದವರ ಕೈಯಲ್ಲಿತ್ತು. 1534ರ ವಸಯಿ ಒಪ್ಪಂದದ ನಂತರ ಈ ಕರಾವಳಿಯಲ್ಲಿ ನೆಲೆಯೂರಿದ ಪೋರ್ಚುಗೀಸರು ಎರಡು ಶತಮಾನ ಇದ್ದರು. 1737ರಲ್ಲಿ ಠಾಣೆಯೂ 1739ರಲ್ಲಿ ವಸಯಿಯೂ ಮರಾಠರ ವಶವಾದವು. ಮಾಸುಂದಾ ಕೆರೆಯ ದಂಡೆಯಲ್ಲಿ ನಿಂತಿರುವ ಸಂತ ಜಾನ್ ಬ್ಯಾಪ್ಟಿಸ್ಟನ ಇಗರ್ಜಿ ಆ ಕಾಲದ ಸ್ಥಾಪನೆ. ಅವರು ಹೋದರು, ಅವರ ರೊಟ್ಟಿ ಉಳಿಯಿತು. ಪೋರ್ಚುಗೀಸರ 'ಪಾಂವ್' ಎಂಬುದೇ ಇಂದು ಡೊಂಬಿವಲಿಯ ಪ್ರತಿ ಬೀದಿಯ ಬೇಕರಿಯಲ್ಲಿ ಬೆಳಗಿನ ಆರು ಗಂಟೆಗೆ ಬಿಸಿಯಾಗಿ ಸಿಗುವ ಲಾದಿ ಪಾವ್. ಮೆಣಸಿನಕಾಯಿಯೂ ಅವರ ಹಡಗುಗಳಲ್ಲೇ ಬಂದಿತು. ಟೊಮೆಟೊ ಮಾತ್ರ ನಿಧಾನಿಸಿತು. ಭಾರತದ ಮನೆಮನೆಯ ಸಾರಿಗೆ ಅದು ಹೊಕ್ಕದ್ದು ಇಂಗ್ಲಿಷರ ಕಾಲದ ಕೊನೆಕೊನೆಗೆ. ಇಂದು ಕೋಲಾರದ, ನಾರಾಯಣಗಾಂವ್‌ನ ಮಾರುಕಟ್ಟೆಗಳಲ್ಲಿ ಲಾರಿಗಟ್ಟಲೆ ಟೊಮೆಟೊ ಹರಾಜಾಗುವುದನ್ನೂ ವಾಶಿಯ ಸಗಟು ಮಾರುಕಟ್ಟೆಯಲ್ಲಿ ಅದರ ಬೆಲೆ ಏರಿದರೆ ಟಿವಿಯಲ್ಲಿ ಸುದ್ದಿಯಾಗುವುದನ್ನೂ ನೋಡುವವರಿಗೆ, ಅವ್ವನ ಅಜ್ಜಿಯ ಸಾರಿನಲ್ಲಿ ಹುಳಿಗೆ ಹುಣಿಸೆಯೇ ಗತಿಯಾಗಿತ್ತೆಂದರೆ ನಂಬಿಕೆ ಬಾರದು.

ಈಗ ಮಗಳ ತಟ್ಟೆಗೆ ಬರೋಣ. ಸ್ಪಗೆಟ್ಟಿಯ ಮೇಲೆ ದೊಡ್ಡ ದೊಡ್ಡ ಮಾಂಸದುಂಡೆ, ಅದರ ಮೇಲೆ ಕೆಂಪು ಸಾಸ್: ಈ ಚಿತ್ರವನ್ನು ನಾವೆಲ್ಲ ಇಟಲಿಯೆಂದು ಗುರುತಿಸುತ್ತೇವೆ. ಇಟಲಿಯಲ್ಲಿ ಪೊಲ್ಪೆಟ್ಟೆಯನ್ನು ಸಾಮಾನ್ಯವಾಗಿ ಪಾಸ್ತಾದಿಂದ ಬೇರೆಯಾಗಿಯೇ ಬಡಿಸುತ್ತಾರೆ. ಉಂಡೆಗಳ ಗಾತ್ರವೂ ಕಿರಿದು. 1891ರಲ್ಲಿ ಪೆಲ್ಲೆಗ್ರಿನೊ ಆರ್ತುಸಿ ಇಟಲಿಯ ಮನೆಯಡುಗೆಯ ಪ್ರಸಿದ್ಧ ಪುಸ್ತಕವನ್ನು ಪ್ರಕಟಿಸಿದಾಗ, ಪೊಲ್ಪೆಟ್ಟೆ ಯಾರಿಗೂ ಕಲಿಸಬೇಕಾದ ವಿದ್ಯೆಯಲ್ಲವೆಂಬ ಧಾಟಿಯಲ್ಲಿ, ಮಿಕ್ಕಿದ ಬೆಂದ ಮಾಂಸವನ್ನು ಬಳಸುವ ಉಪಾಯವಾಗಿ ಅದನ್ನು ಹೇಳಿದ. ನಮ್ಮ ಕಣ್ಣಿಗೆ ಇಟಲಿಯಾಗಿ ಕಾಣುವ ತಟ್ಟೆ ಸಿದ್ಧವಾದದ್ದು ಅಮೆರಿಕದ ನಗರಗಳಲ್ಲಿ. 1880ರಿಂದ 1920ರ ನಡುವೆ ಸುಮಾರು 40 ಲಕ್ಷ ಇಟಲಿಯವರು ಅಮೆರಿಕಕ್ಕೆ ಹೋದರು. ಹೆಚ್ಚಿನವರು ದಕ್ಷಿಣದ ಬಡ ರೈತಕೂಲಿಗಳು. ಊರಿನಲ್ಲಿ ಹಬ್ಬಕ್ಕಷ್ಟೇ ಮಾಂಸ ಕಂಡವರಿಗೆ ಅಲ್ಲಿ ಕೂಲಿಯ ದುಡ್ಡಿನಲ್ಲಿ ವಾರಕ್ಕೊಮ್ಮೆ ಕೊಚ್ಚಿದ ಮಾಂಸ ಕೈಗೆಟುಕಿತು. ಡಬ್ಬಿಯ ಟೊಮೆಟೊ ಅಗ್ಗವಾಗಿತ್ತು. ಉಂಡೆಯ ಗಾತ್ರ ಹಿಗ್ಗಿತು. ಭಾನುವಾರದ ಮಧ್ಯಾಹ್ನ ಉಂಡೆ, ಸಾಸ್, ಸ್ಪಗೆಟ್ಟಿ ಮೂರೂ ಒಂದೇ ತಟ್ಟೆಗೆ ಬಂದವು. ಊರು ಬಿಟ್ಟವರು ಊರಿನ ನೆನಪಿಗೆಂದು ಮಾಡಿಕೊಂಡ ಈ ಅಡುಗೆ ಆ ಊರಿನಲ್ಲಿ ಆ ರೂಪದಲ್ಲಿ ಇರಲೇ ಇಲ್ಲ.

ಮುಂಬಯಿಯ ಕನ್ನಡಿಗರಿಗೆ ಇದು ಹೊಸ ಕಥೆಯಲ್ಲ. ಉಡುಪಿ ಹೋಟೆಲು ಎಂಬ ಹೆಸರು ಬೆಳೆದದ್ದು ಉಡುಪಿಯಿಂದ ಹೊರಟವರ ದುಡಿಮೆಯಲ್ಲಿ. ಮಾಟುಂಗಾದಲ್ಲಿ 1942ರಲ್ಲಿ ರಾಮ ನಾಯಕರು ತೆರೆದ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ನಡೆಯುತ್ತಿದೆ. ಠಾಣೆ, ಕಲ್ಯಾಣ್, ವಾಶಿಗಳ ಉಡುಪಿ ಹೋಟೆಲುಗಳಲ್ಲಿ ಇಡ್ಲಿಯ ಪಕ್ಕದಲ್ಲೇ ಪಾವ್ ಭಾಜಿ ಮಾರಾಟವಾಗುತ್ತದೆ. ಅದು ಉಡುಪಿಯ ಯಾವ ಮಠದ ಅಡುಗೆಯೂ ಅಲ್ಲ, ಆದರೆ ಇಲ್ಲಿ ಅದು ಉಡುಪಿ ಹೋಟೆಲಿನ ತಿಂಡಿಯೇ ಹೌದು. ಎದುರು ದಿಕ್ಕಿನ ಪ್ರಯಾಣವೂ ನಡೆದಿದೆ. 1638ರಲ್ಲಿ ಬೆಂಗಳೂರು ಶಹಾಜಿಯ ಜಹಗೀರಾದಾಗ ಅಲ್ಲಿ ನೆಲೆಯಾದ ಮರಾಠರ ವಂಶಗಳು ಅನೇಕ. ಮಾಂಸದೂಟದ 'ಮಿಲಿಟರಿ ಹೋಟೆಲು'ಗಳಲ್ಲಿ ಹೆಸರಾದ ಕೆಲವನ್ನು ಬೆಂಗಳೂರಿನಲ್ಲಿ ಕಟ್ಟಿದವರು ಮರಾಠ ಮನೆತನದವರೇ. ಅಲ್ಲಿ ಮುದ್ದೆಯ ಜೊತೆ ಕೈಮಾ ಉಂಡೆ ಬಡಿಸುತ್ತಾರೆ. ಕೊಡಗಿನವರಿಗೂ ಅವರದೇ ಕೈಮಾ ಉಂಡೆಯ ಸಾರು ಉಂಟು. ಕೋಲಾರದ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಹಳದಿ ಅನ್ನದ ಜೊತೆ 'ಬಾಲ್ ಕರಿ' ಭಾನುವಾರದ ಊಟ. ಅದೇ ಊಟ ದೇಶದ ರೈಲ್ವೆ ಕಾಲೊನಿಗಳ ಆಂಗ್ಲೋ ಇಂಡಿಯನ್ನರದೂ ಹೌದು. 1854ರಲ್ಲಿ ರೈಲು ಹಳಿ ಕಲ್ಯಾಣ್ ಮುಟ್ಟಿದ ಮೇಲೆ ನಾಡಿನ ನಾನಾ ಕಡೆಯ ಜನ, ಅವರ ಜೊತೆ ಅವರ ಪಾತ್ರೆ ಪಡಗ, ಈ ಜಂಕ್ಷನ್ನಿನಲ್ಲಿ ಇಳಿದಿವೆ.

ಇಷ್ಟೆಲ್ಲ ಊರುಗಳ ಉಂಡೆಗಳನ್ನು ಒಟ್ಟಿಗಿಟ್ಟು ನೋಡಿದಾಗ ನಮಗೆ ಕಂಡ ಒಂದು ಸಂಗತಿ ಇದೆ. ಉಂಡೆ ಮೆತ್ತಗಾಗುವುದು ಮಾಂಸದಿಂದಲ್ಲ, ಮಾಂಸವಲ್ಲದ್ದರಿಂದ. ಇಟಲಿಯ ಬಡವಿ ಅರ್ಧ ಸೇರು ಮಾಂಸವನ್ನು ಆರು ಮಂದಿಗೆ ಸಾಲಿಸಲು ಹಳಸಿ ಗಟ್ಟಿಯಾದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಬೆರೆಸಿದಳು. ಮಂಡ್ಯದ ಬಡವಿ ಹುರಿಗಡಲೆಯನ್ನೂ ತೆಂಗಿನಕಾಯಿಯನ್ನೂ ಬೆರೆಸಿದಳು. ಇಬ್ಬರ ಉದ್ದೇಶವೂ ಮಾಂಸವನ್ನು ಹಿಗ್ಗಿಸುವುದು; ಇಬ್ಬರಿಗೂ ಬಯಸದೆ ದೊರೆತ ಫಲ ಮೃದುತ್ವ. ಇದರ ಕಾರಣ ಸರಳವಾದದ್ದು. ಬಿಸಿ ತಾಕಿದಾಗ ಮಾಂಸದ ಎಳೆಗಳು ಬಿಗಿದುಕೊಂಡು ತಮ್ಮೊಳಗಿನ ನೀರನ್ನು ಹಿಂಡಿ ಹೊರಹಾಕುತ್ತವೆ. ನಡುವೆ ರೊಟ್ಟಿಯ ಅಥವಾ ಕಡಲೆಯ ಪಿಷ್ಟವಿದ್ದರೆ ಎಳೆಗಳು ಒಂದನ್ನೊಂದು ಹಿಡಿದುಕೊಳ್ಳಲಾರವು. ಹೊರಬಂದ ರಸವನ್ನು ಪಿಷ್ಟವೇ ಹೀರಿ ಇಟ್ಟುಕೊಳ್ಳುತ್ತದೆ. ಉಪ್ಪು ಹಾಕಿ ನಾದಿದಷ್ಟೂ ಮಾಂಸದಿಂದ ಅಂಟಾದ ಸತ್ವ ಬಿಟ್ಟುಕೊಂಡು ಎಲ್ಲವನ್ನೂ ಬಿಗಿಯಾಗಿ ಕಟ್ಟುತ್ತದೆ. ಮಗಳ ಉಂಡೆ ಪುಟಿದದ್ದು ಈ ಕಾರಣಕ್ಕೆ. ಚಪಾತಿ ಹಿಟ್ಟಿನ ಕುರಿತು ಅವ್ವ ಕೇಳಿದ ಪ್ರಶ್ನೆಯಲ್ಲಿ ಈ ಶಾಸ್ತ್ರವೆಲ್ಲ ಅಡಗಿತ್ತು.

ಆ ಬಳಿಕ ನಮ್ಮ ಮನೆಯಲ್ಲಿ ನೆಲೆಗೊಂಡ ಕ್ರಮವನ್ನು ಓದುಗರಿಗಾಗಿ ಇಲ್ಲಿ ಬರೆಯುತ್ತೇವೆ. ಆಡಿನ ಖಿಮಾ ಅರ್ಧ ಕಿಲೋ. ಕೊಂಚ ಕೊಬ್ಬು ಸೇರಿಸಿ ಎರಡು ಸಲ ಯಂತ್ರಕ್ಕೆ ಹಾಕಿಕೊಡಲು ಅಂಗಡಿಯವರಿಗೆ ಹೇಳಬೇಕು. ನಿನ್ನೆಯ ಪಾವ್ ಎರಡನ್ನು ಚೂರು ಮಾಡಿ 100 ಮಿಲಿಲೀಟರ್ ಹಾಲಿನಲ್ಲಿ ಹತ್ತು ನಿಮಿಷ ನೆನೆಸಿ, ಕೈಯಲ್ಲಿ ಕಿವುಚಿ ಗಂಜಿಯಂತೆ ಮಾಡಬೇಕು. ಒಂದು ಈರುಳ್ಳಿಯನ್ನು ತುರಿದು ನೀರು ಹಿಂಡಿ, ಬೆಳ್ಳುಳ್ಳಿ ನಾಲ್ಕು ಎಸಳು ಜಜ್ಜಿ, ಹೆಚ್ಚಿದ ಕೊತ್ತಂಬರಿ ಸೊಪ್ಪು ಒಂದು ಹಿಡಿ, ಕಾಳುಮೆಣಸಿನ ಪುಡಿ, ಒಂದು ಮೊಟ್ಟೆ, ಒಂದು ಚಹಾ ಚಮಚ ಉಪ್ಪು ಇವನ್ನು ಮೊದಲು ಪಾವಿನ ಗಂಜಿಯಲ್ಲೇ ಬೆರೆಸಬೇಕು. ಮಾಂಸವನ್ನು ಕಡೆಗೆ ಹಾಕಿ, ಬೆರಳುಗಳ ತುದಿಯಿಂದ, ಎಲ್ಲವೂ ಕೂಡಿಕೊಳ್ಳುವಷ್ಟೇ ಕಲಸಬೇಕು. ನಾದಬಾರದು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಕೈ ಒದ್ದೆ ಮಾಡಿಕೊಂಡು, ನಿಂಬೆಯ ಗಾತ್ರದ ಉಂಡೆಗಳನ್ನು ಹಗುರವಾಗಿ ಉರುಟಿಸಿದರೆ ಇಪ್ಪತ್ತರಷ್ಟು ಆಗುತ್ತವೆ.

ಸಾಸಿಗೆ ಚೆನ್ನಾಗಿ ಹಣ್ಣಾದ ಟೊಮೆಟೊ ಒಂದು ಕಿಲೋ. ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ಸಿಪ್ಪೆ ಸುಲಿದು ಹೆಚ್ಚಿಕೊಳ್ಳಬೇಕು. ಅಗಲ ಪಾತ್ರೆಯಲ್ಲಿ ಮೂರು ನಾಲ್ಕು ದೊಡ್ಡ ಚಮಚ ಎಣ್ಣೆ ಕಾಯಿಸಿ ಉಂಡೆಗಳನ್ನು ಮೇಲುಮೇಲೆ ಕೆಂಪಗೆ ಬಾಡಿಸಿ ತೆಗೆದಿಟ್ಟು, ಅದೇ ಎಣ್ಣೆಗೆ ಬೆಳ್ಳುಳ್ಳಿ, ಆಮೇಲೆ ಟೊಮೆಟೊ, ಉಪ್ಪು. ನಮ್ಮ ಹೈಬ್ರಿಡ್ ಟೊಮೆಟೊದಲ್ಲಿ ನೀರು ಹೆಚ್ಚು. ಇಪ್ಪತ್ತು ನಿಮಿಷವಾದರೂ ಕುದಿಸಿ ಗಟ್ಟಿ ಮಾಡಿದ ಮೇಲೆಯೇ ಉಂಡೆಗಳನ್ನು ಇಳಿಬಿಡಬೇಕು. ಉರಿ ಸಣ್ಣದಿರಬೇಕು, ಸಾಸ್ ಅಲ್ಲಲ್ಲಿ ಗುಳ್ಳೆಯೊಡೆಯುವಷ್ಟು ಮಾತ್ರ. ಮುಚ್ಚಳವನ್ನು ಓರೆಯಾಗಿಟ್ಟು ಮೂವತ್ತೈದು ನಲವತ್ತು ನಿಮಿಷ ಬೇಯಿಸಬೇಕು. ಮೊದಲ ಹತ್ತು ನಿಮಿಷ ಸೌಟು ಹಾಕದೆ ಪಾತ್ರೆಯನ್ನೇ ಅಲುಗಿಸಬೇಕು. ಕಡೆಗೆ ಕಾಮಕಸ್ತೂರಿಯ ನಾಲ್ಕು ಎಲೆ. ಪಾವನ್ನು ಬಿಟ್ಟು ಅರ್ಧ ಬಟ್ಟಲು ಹುರಿಗಡಲೆ ಪುಡಿ, ತುರಿದ ಕಾಯಿ, ಚಕ್ಕೆ ಲವಂಗ, ಶುಂಠಿ, ಹಸಿಮೆಣಸಿನಕಾಯಿ ಅರೆದು ಸೇರಿಸಿ, ಸಾಸಿನ ಬದಲು ಖಾರದ ಮಸಾಲೆ ಸಾರನ್ನು ಕುದಿಸಿ ಅದರಲ್ಲಿ ಇಳಿಬಿಟ್ಟರೆ ಅದೇ ಅವ್ವನ ಕೈಮಾ ಉಂಡೆ. ಅಲ್ಲಿಯೂ ಸೌಟು ಹಾಕದಿರುವ ನಿಯಮ ಒಂದೇ.

ಸಂಚಿಕೆಯಿಂದ ಬಿದ್ದುಹೋದ ಪುಟದ ಬಗ್ಗೆ ನಮಗೆ ಈಗ ಸಿಟ್ಟಿಲ್ಲ. ಅದನ್ನು ತೆಗೆದವರು ಕೆಡುಕು ಬಯಸಿದವರಲ್ಲ. ಸಭೆಯಲ್ಲಿ ಯಾರಿಗೂ ಇರುಸುಮುರುಸಾಗಬಾರದೆಂದು ಎಣಿಸಿದರು. ಆದರೆ ಇರುಸುಮುರುಸನ್ನು ತಪ್ಪಿಸುವ ಈ ಲೆಕ್ಕದಲ್ಲಿ ಪ್ರತಿಸಲವೂ ಕಳೆದುಹೋಗುವುದು ಅದೇ ಕೆಲವು ಮನೆಗಳ ಪುಟ. ನಮ್ಮ ಮಗಳು ಇಟಲಿಯ ಉಂಡೆಯನ್ನು ಶಾಲೆಯ ಗೆಳತಿಯರಿಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಅಜ್ಜಿಯ ಉಂಡೆಯನ್ನು ಹೇಳಲು ಮೊದಮೊದಲು ಹಿಂಜರಿದಳು. ಆ ಹಿಂಜರಿಕೆಯನ್ನು ಅವಳಿಗೆ ಕಲಿಸಿದವರು ಹೊರಗಿನವರಲ್ಲ. ಮಾಂಸ ಮುಟ್ಟದ ಮನೆಯವರು ಇದನ್ನು ಮಾಡಿ ತಿನ್ನಲಿ ಎಂಬುದು ನಮ್ಮ ಕೋರಿಕೆಯಲ್ಲ. ಕಲ್ಯಾಣದ ಅರಸ ಇಡ್ಡರಿಕೆಯನ್ನೂ ಉಂಡೆಯನ್ನೂ ಒಂದೇ ಅಧ್ಯಾಯದಲ್ಲಿ ಬರೆದ. ನಮ್ಮ ಸಂಚಿಕೆಗಳೂ ಅಷ್ಟು ಅಗಲವಾಗಿರಲಿ ಎಂಬುದಷ್ಟೇ ಕೋರಿಕೆ.

ಅವ್ವ ಊರಿಗೆ ಮರಳಿದ್ದಾರೆ. ಕಳೆದ ತಿಂಗಳು ಮಗಳು ಫೋನಿನಲ್ಲಿ, "ಅಜ್ಜೀ, ಈ ಸಲ ಪಾವೂ ಹಾಕ್ದೆ, ಹುರಿಗಡಲೇನೂ ಹಾಕ್ದೆ" ಎಂದಳು. "ನಾದ್ದೇನು?" ಎಂದಿತು ಆ ಕಡೆಯ ದನಿ. "ಇಲ್ಲ ಅಜ್ಜೀ." "ಹಂಗಾರೆ ಚೆನ್ನಾಗೇ ಆಗಿರ್ತದೆ ಬುಡು." ಚೆನ್ನಾಗಿಯೇ ಆಗಿತ್ತು. ಅಚ್ಚಾಗದೆ ಉಳಿದಿದ್ದ ಪುಟವನ್ನು ಹೀಗೆ ನಮ್ಮ ಬಳಗದ ಮುಂದೆ ಇಟ್ಟಿದ್ದೇವೆ. ಕರಾವಳಿಯ ಮನೆಗಳವರು, ಬೆಳಗಾವಿ ಕಲಬುರಗಿಯ ಕಡೆಯವರು, ಕೊಡಗಿನವರು ತಮ್ಮ ತಮ್ಮ ಭಾನುವಾರದ ಪಾತ್ರೆಯಲ್ಲಿ ಏನಿರುತ್ತಿತ್ತೆಂಬುದನ್ನು, ಅದನ್ನು ಕಲಿಸಿದವರ ನೆನಪಿನೊಂದಿಗೆ, ಇದರ ಮುಂದೆ ಬರೆದು ಸೇರಿಸಲಿ.